ಕರಸಾಪುರದ ಸೆನ್ಸೇ

ಜಪಾನಿನಲ್ಲಿ ಗುರುಗಳನ್ನು ‘ಸೆನ್ಸೇ’ ಎಂದು ಬೇರೆಯವರು ಕರೆಯಬೇಕು, ತಮಗೆ ತಾವೇ ಹಚ್ಚಿಕೊಳ್ಳುವಂತಿಲ್ಲ. ಕಳಸಾಪುರದ ನಮ್ಮ ಸೆನ್ಸೇ ಅದನ್ನು ಬೈಕಿನ ಹಿಂದೆಯೂ ಬರೆಸಿದ್ದಾರೆ. ಜಪಾನಿ ಭಾಷಾ ಪರೀಕ್ಷೆಗಿರುವ ಐದು ಮೆಟ್ಟಿಲುಗಳಲ್ಲಿ ತೀರ ಕೆಳಗಿನದು ಎನ್5. ಅದನ್ನು ಪಾಸಾದ ಪ್ರಮಾಣಪತ್ರ ಮನೆಯಲ್ಲಿ ಅಜ್ಜನ ಫೋಟೋದ ಪಕ್ಕ ತೂಗುತ್ತಿದೆ. ಹಬ್ಬ ಬಂದರೆ ಎರಡಕ್ಕೂ ಸೇರಿ ಒಂದೇ ಮಾಲೆ.

ಈ ತಳಿಯವರು ಹಿಂದೆ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು, ಆಮೇಲೆ ಸ್ಪೋಕನ್ ಇಂಗ್ಲಿಷ್. ಈಗ ಗದಗಿನ ಮಗ್ಗುಲಿನ ಈ ಊರಿನ ಸಮುದಾಯ ಭವನದಲ್ಲಿ ಸಂಜೆ ಜಪಾನಿ. ಬಿಡದಿಯ ಟೊಯೊಟಾ ಕಾರ್ಖಾನೆಯ ಮೇಲೆ ಕಣ್ಣಿಟ್ಟ ಐಟಿಐ ಹುಡುಗರು, ಜಪಾನಿನ ಮುದುಕರ ಆರೈಕೆಗೆ ಜನ ಬೇಕಂತೆ ಎಂದು ಕೇಳಿದ ನರ್ಸಿಂಗ್ ಹುಡುಗಿ, ‘ನರುಟೊ’ ನೋಡಿ ಕೆಟ್ಟ ಎಂಟನೆತ್ತೆಯವ, ಫ್ಯಾನಿನ ಗಾಳಿಗೆ ಬರುವ ನಿವೃತ್ತ ತಲಾಟಿ ಕಾಕಾ, ಇಷ್ಟು ಜನ ಶಿಷ್ಯರು.

“ಕ್ರಿಯಾಪದ ಕಡೀಕ, ವಿಭಕ್ತಿ ನಾಮಪದದ ಬೆನ್ನಿಗೆ. ನಮ್ಮ ಕನ್ನಡದ್ಹಂಗನ. ಇಂಗ್ಲಿಷ್ ಬರಲಿಲ್ಲಂದ್ರ ಇನ್ನೂ ಛಲೋ!” ಈ ಮಾತಿಗೆ ಕ್ಲಾಸಿನ ಅರ್ಧ ಭಯ ಹೋಗುತ್ತದೆ. ಅಲ್ಲಿಯವರೆಗೆ ಅವರು ಹೇಳುವುದು ಸರಿಯೇ. ಜಪಾನಿ ಅಕ್ಷರಗಳ ಅ-ಇ-ಉ-ಎ-ಒ ಸಾಲು ಬೌದ್ಧರ ಜತೆ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವ ಎಂಬುದೂ ಸರಿ. ಅದು ಹೊರಟದ್ದು ಗದಗ ಜಂಕ್ಷನ್ನಿನಿಂದಲೇ ಎಂಬ ಧಾಟಿಯಲ್ಲಿ ಹೇಳುವುದಷ್ಟೇ ಅವರ ಸ್ವಂತದ್ದು.

ಪಾಠ ಮಾತ್ರ ಪರಿಚಯ ಹೇಳುವುದನ್ನು ದಾಟಿಲ್ಲ. ಅಡ್ಡಹೆಸರಿನ ಬೆನ್ನಿಗೆ ‘ಸಾನ್’ ಹಚ್ಚಿ ಕರೆಯಬೇಕು. “ಉಳ್ಳಾಗಡ್ಡಿ ಸಾನ್, ಎದ್ದು ನಿಲ್ರಿ. ಮೆಣಸಿನಕಾಯಿ ಸಾನ್, ನಗಬ್ಯಾಡ್ರಿ.” ಉಳ್ಳಾಗಡ್ಡಿ ಸಾನ್ ಎದ್ದು ‘ವಾತಾಶಿ ವಾ’ ಎಂದು ಹೆಸರು ಹೇಳಿ ‘ದೆಸ್’ ಎಂದು ಮುಗಿಸಿದ. ಆದರೂ ಕೂಡಲಿಲ್ಲ. “ಸರ್, ಹೊಲಾ ಎಷ್ಟ ಎಕರೆ ಐತಿ ಅಂತ ಹೆಂಗ ಹೇಳೂದ್ರಿ? ಬರೇ ಹೆಸರು ಹೇಳಿದ್ರ ಯಾರ್ ಮಂದಿ ಅಂತ ಅವರಿಗೆ ಹೆಂಗ ತಿಳೀಬೇಕು?”

ಪರದೇಶದ ಹೆಸರುಗಳನ್ನು ಬರೆಯುವ ಲಿಪಿ ಕತಾಕನಾ. ಅದರಲ್ಲಿ ಲ ಇಲ್ಲ, ಳ ಇಲ್ಲ, ಎರಡಕ್ಕೂ ರ. ಹುಡುಗ ಉರ್ರಾಗಡ್ಡಿಯಾದ. ಪಾಪ, ಸಹಿಸಿಕೊಂಡ. ಸೆನ್ಸೇ ಬೋರ್ಡಿನ ಮೇಲೆ ಊರಿನ ಹೆಸರು ಬರೆದು ‘ಕರಸಾಪುರ’ ಎಂದು ಓದಿದಾಗ ತಲಾಟಿ ಕಾಕಾಗೆ ಎಚ್ಚರವಾಯಿತು.

“ತಮ್ಮಾ, ಊರಿನ ಕಳಸಾ ಇಳಿಸಿ ಕರಾ ಹೇರಿದ್ಯಲ್ಲೋ! ನೌಕರಿಯೊಳಗಿದ್ದಾಗ ನನಗೂ ಇಷ್ಟ ಧೈರ್ಯ ಬಂದಿದ್ದಿಲ್ಲ.”

ಉಳಿದ ವೇಳೆಯೆಲ್ಲ ಬಾಗುವುದಕ್ಕೆ. ದಾರಿಯಲ್ಲಿ ಸಿಕ್ಕವರಿಗೆ 15 ಡಿಗ್ರಿ, ಸಾಹೇಬರಿಗೆ 30, ತಪ್ಪೊಪ್ಪಿಗೆಗೆ 45. ಸೆನ್ಸೇ ಬಡಗಿಯ ಮೂಲೆಮಟ್ಟ ಹಿಡಿದು ಒಬ್ಬೊಬ್ಬರ ಟೊಂಕ ಅಳೆದರು.

ಡಿಸೆಂಬರ್ ಪರೀಕ್ಷೆಯ ಅರ್ಜಿ ತುಂಬುವಾಗ ನರ್ಸಿಂಗ್ ಹುಡುಗಿ ಕೇಳಿದಳು: “ಸರ್, ಇದರಾಗ ಓದೂದು ಐತಿ, ಕೇಳೂದು ಐತಿ. ಮಾತಾಡೂ ಪರೀಕ್ಷಾನ ಇಲ್ಲಲ್ರೀ? ಹಂಗಾರ ಇಷ್ಟ ದಿನಾ ಬಗ್ಗಿದ್ದು?”

“ಅದು ಬೆನ್ನಿಗೆ ಛಲೋವಾ,” ಎಂದು ಸೆನ್ಸೇ ತಮ್ಮ ಎನ್4 ಅರ್ಜಿಯನ್ನು ಅವಳದರ ಅಡಿ ಸರಿಸಿದರು.