ಟಿವಿಗೊಂದು ವಾಟ್ನಿ

ಬೈಲಹೊಂಗಲದ ಕೋರ್ಟಿನ ಹತ್ತಿರ ಯಾವುದಾದರೂ ಚಾ ಅಂಗಡಿಯಲ್ಲಿ ಒಂದು ತಾಸು ಕೂತರೆ ಸಾಕು, ಅಣ್ಣತಮ್ಮಂದಿರು ಏನೇನನ್ನು ಪಾಲು ಮಾಡಿಕೊಳ್ಳಬಲ್ಲರು ಎಂಬುದು ತಿಳಿಯುತ್ತದೆ. ಎರೆಹೊಲ ಸರಿ, ಮನೆ ಸರಿ. ಹಿತ್ತಲ ಬೇವಿನ ಗಿಡದ ನೆರಳು ಮಧ್ಯಾಹ್ನದ ಮೇಲೆ ಯಾರ ಅಂಗಳಕ್ಕೆ ಬೀಳುತ್ತದೆ ಎಂಬುದೂ ವಾದಕ್ಕೆ ಬರುತ್ತದೆ. ಇಂಥ ಸೀಮೆಯವರಿಗೆ ವಿಡಿಯೋ ಗೇಮಿನ ಸ್ಪ್ಲಿಟ್ ಸ್ಕ್ರೀನ್ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಟಿವಿಯ ನಟ್ಟನಡುವೆ ಒಂದು ಗೆರೆ. ಮೇಲಿನ ಅರ್ಧ ಅಣ್ಣನಿಗೆ, ಕೆಳಗಿನ ಅರ್ಧ ತಮ್ಮನಿಗೆ. ಅದು ಟಿವಿಯ ವಾಟ್ನಿ, ಅಷ್ಟೇ. ಕೋರ್ಟಿನ ವಾಟ್ನಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಆಟ ಮುಗಿದ ಮೇಲೆ ಗೆರೆ ಅಳಿಸಿಹೋಗುತ್ತದೆ. ಪಾಲುದಾರರು ಎದ್ದು ಒಂದೇ ಪಂಕ್ತಿಯಲ್ಲಿ ಉಣ್ಣಲು ಕೂಡಬಹುದು.

ಈಗ ಆ ಗೆರೆಗೇ ಕುತ್ತು ಬಂದಿದೆ. ಹೊಸ ಆಟಗಳಲ್ಲಿ ಪ್ರತಿಯೊಬ್ಬನಿಗೂ ಇಡೀ ಪರದೆ. ಎದುರಾಳಿ ಮಾತ್ರ ಪಕ್ಕದಲ್ಲಿ ಇರುವುದಿಲ್ಲ, ಇಂಟರ್ನೆಟ್ಟಿನ ಆಚೆ ಎಲ್ಲೋ ಇರುತ್ತಾನೆ. ‘ಒಂದ ಟಿವಿ ಮುಂದ ಇಬ್ಬರು ಕುಂತು ಆಡೂದಕ್ಕ ಇನ್ನ ಏನ್ ಕಿಮ್ಮತ್ತೈತಿ ಕಾಕಾ?’ ಎಂದು ನಮ್ಮ ಅಣ್ಣನ ಮಗ ಕೇಳುತ್ತಾನೆ. ಒಂದು ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಅವನ ಅಪ್ಪನ ಮೇಲೆ ನನಗೆ ಮೂರು ದಶಕದ ಹಳೇ ಬಾಕಿ ಇರುವುದರಿಂದ ಉದ್ದಕ್ಕೇ ಹೇಳುತ್ತೇನೆ.

ವಿಡಿಯೋ ಗೇಮಿನ ವಂಶಾವಳಿ ತೆಗೆದರೆ ಮೂಲಪುರುಷನೇ ಜೋಡಿ ಆಟದವನು. 1972ರಲ್ಲಿ ಅಟಾರಿ ಕಂಪನಿ ತಂದ ಪಾಂಗ್ ಯಂತ್ರದಲ್ಲಿ ಒಬ್ಬನೇ ಆಡುವ ಸೌಕರ್ಯವೇ ಇರಲಿಲ್ಲ. ಎರಡು ಪಟ್ಟಿ, ಒಂದು ಚೆಂಡು, ಇಬ್ಬರು ಮನುಷ್ಯರು. ಜೊತೆಗಾರ ಸಿಗದವನು ಪಾವಲಿಯನ್ನು ಮತ್ತೆ ಕಿಸೆಗೆ ಹಾಕಿಕೊಂಡು ಮನೆಗೆ ಹೋಗಬೇಕು. ನಮ್ಮ ಮನೆಗೆ ಬಂದದ್ದು, ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಯಂತ್ರದ ಒಂದು ನಕಲು. ಬೈಲಹೊಂಗಲ ಮುಟ್ಟುವ ಹೊತ್ತಿಗೆ ತೊಂಬತ್ತರ ದಶಕ ಬಂದಿತ್ತು. ಆ ಯಂತ್ರದ ಮೂಲದಲ್ಲೇ ಒಂದು ಅನ್ಯಾಯವಿತ್ತು. ಎರಡು ರಿಮೋಟುಗಳ ಪೈಕಿ ಮೊದಲನೆಯದಕ್ಕೆ ಮಾತ್ರ ಸ್ಟಾರ್ಟ್, ಸೆಲೆಕ್ಟ್ ಬಟನ್. ಎರಡನೆಯದಕ್ಕೆ ಇಲ್ಲ. ನಕಲು ಮಾಡಿದವರು ಆ ಅನ್ಯಾಯವನ್ನೂ ಬಿಡದೆ ನಕಲು ಮಾಡಿದ್ದರು. ಜಪಾನಿನಲ್ಲಿ ಇದನ್ನು ಯೋಚಿಸಿದ ಪುಣ್ಯಾತ್ಮ ಹಿರೇಮಗನೇ ಇರಬೇಕು.

ಆಟ ಸುರು ಮಾಡುವವನು ಅಣ್ಣ, ನಿಲ್ಲಿಸುವವನೂ ಅಣ್ಣ. ನನಗೆ ಒಂದಕ್ಕೆ ಬಂದರೆ ಅರ್ಜಿ ಹಾಕಬೇಕು.

‘ಅಣ್ಣಾ, ಸ್ವಲ್ಪ ನಿಂದ್ರಸು.’

‘ಈ ಟ್ಯಾಂಕ್ ಹೊಡದು ನಿಂದ್ರಸ್ತೇನಿ.’

‘ಅಣ್ಣಾ...’

‘ಇನ್ನೊಂದ ಐತಿ ತಡಿ.’

ಆಗ ಅವ್ವ ಒಲೆಯ ಮುಂದಿನಿಂದಲೇ, ‘ಅವನ್ನ ಬಿಡೋ, ಕೌದಿ ನಿನ್ನೇನ ಒಗದೇನಿ’ ಎಂದು ನನ್ನ ಪರ ವಕಾಲತ್ತು ವಹಿಸುತ್ತಿದ್ದಳು.

ಕ್ಯಾಸೆಟ್ ಬಂದದ್ದು ಸವದತ್ತಿ ಎಲ್ಲಮ್ಮನ ಗುಡ್ಡದಿಂದ, ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ. ಬಳೆ, ಬತ್ತಾಸು, ಕುಂಕುಮ, ಭಂಡಾರದ ರಾಶಿಗಳ ನಡುವೆ ಒಬ್ಬ ಇದನ್ನೂ ಹರವಿಕೊಂಡು ಕೂತಿದ್ದ. ಮೇಲಿನ ಚೀಟಿಯಲ್ಲಿ 9999 ಆಟ ಎಂದು ಅಚ್ಚಾಗಿತ್ತು. ಒಳಗಿದ್ದವು ಬೆರಳೆಣಿಕೆಯಷ್ಟು, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಮನೆಗೆ ತಂದು ಹಾಕಿದರೆ ಟಿವಿಯ ತುಂಬ ಬರೀ ಇರುವೆ. ಅಣ್ಣ ಕ್ಯಾಸೆಟ್ ಕಿತ್ತು ಬುಡಕ್ಕೆ ಊದಿದ. ಒಳಗಿದ್ದ ಭಂಡಾರವೆಲ್ಲ ಹಾರಿ ಅವನ ಮೂಗು, ಹುಬ್ಬು ಹಳದಿಯಾದವು. ಅಪ್ಪ ಎದ್ದು ಕೈಮುಗಿದು ‘ಉಧೋ ಉಧೋ’ ಎಂದರು. ಎರಡನೇ ಸಲಕ್ಕೆ ಆಟ ಬಂತು. ಆಮೇಲೆ ಯಾವಾಗ ಕ್ಯಾಸೆಟ್ ಮೊಂಡು ಹಿಡಿದರೂ ಊದುವವನು ಊದುತ್ತಿದ್ದ, ಉಳಿದವರು ಉಧೋ ಅನ್ನುತ್ತಿದ್ದೆವು.

ಆಗಿನ ಆಟಗಳು ಇನ್ನೂ ಕೂಡು ಕುಟುಂಬದವು. ಪರದೆ ಒಂದೇ, ಗೆರೆ ಇಲ್ಲ, ಇಬ್ಬರೂ ಅದರೊಳಗೇ ಏಗಬೇಕು. 1985ರ ಬ್ಯಾಟಲ್ ಸಿಟಿಯನ್ನು ನಾವೆಲ್ಲ ಟ್ಯಾಂಕ್ ಗೇಮ್ ಎನ್ನುತ್ತಿದ್ದೆವು. ಅದರಲ್ಲಿ ಅಣ್ಣನ ಟ್ಯಾಂಕ್ ಹಳದಿ, ತಮ್ಮನದು ಹಸಿರು. ನಮ್ಮದು ಕಪ್ಪು-ಬಿಳುಪು ಟಿವಿಯಾದ್ದರಿಂದ ಎರಡೂ ಬೂದಿ ಬಣ್ಣ. ಪರದೆಯ ಕೆಳಗೆ ಇಟ್ಟಂಗಿ ಗೋಡೆಯೊಳಗೆ ಒಂದು ಹದ್ದು; ಅದನ್ನು ಕಾಯುವುದೇ ಆಟ. ವೈರಿಯ ಗುಂಡು ಬಿದ್ದರೂ ಆಟ ಮುಗಿಯಿತು, ನಮ್ಮದೇ ಗುಂಡು ಬಿದ್ದರೂ ಮುಗಿಯಿತು. ಅಣ್ಣನ ಗುಂಡು ತಮ್ಮನಿಗೆ ತಾಗಿದರೆ ತಮ್ಮ ಸಾಯುವುದಿಲ್ಲ, ಸ್ವಲ್ಪ ಹೊತ್ತು ಕೈಕಾಲು ಬಿದ್ದವನಂತೆ ನಿಂತುಬಿಡುತ್ತಾನೆ. ಹದ್ದು ಸತ್ತಾಗಲೆಲ್ಲ ‘ನೀ ಹೊಡದಿ’, ‘ನೀ ಹೊಡದಿ’. ಎರಡೂ ಟ್ಯಾಂಕು ಒಂದೇ ಬಣ್ಣ. ಸಾಕ್ಷಿ ಹೇಳುವವರು ಯಾರು?

ಕಾಂಟ್ರಾ ಎಂಬ ಇನ್ನೊಂದು ಆಟದ ಮೂರನೆಯ ಹಂತದಲ್ಲಿ ಜಲಪಾತ ಹತ್ತಬೇಕು. ನನ್ನ ಹಳೇ ಬಾಕಿ ಇರುವುದು ಅಲ್ಲಿಯೇ. ಮುಂದೆ ಹತ್ತಿದವನ ಜೊತೆ ಪರದೆಯೂ ಮೇಲೆ ಸರಿಯುತ್ತದೆ. ಹಿಂದುಳಿದವನ ಕಾಲ ಕೆಳಗಿನ ಬಂಡೆ ಪರದೆಯಿಂದ ಹೊರಗೆ ಹೋಗುತ್ತದೆ, ಅದರೊಡನೆ ಅವನ ಜೀವವೂ ಹೋಗುತ್ತದೆ. ವೈರಿ ಬೇಕಾಗಿಯೇ ಇಲ್ಲ, ಅಣ್ಣ ಅವಸರ ಮಾಡಿದರೆ ಸಾಕು. ನಮ್ಮಣ್ಣ ಹುಟ್ಟಾ ಅವಸರಗೇಡಿ. ನನ್ನ ಎಷ್ಟು ಜೀವಗಳನ್ನು ಅವನು ಹಾಗೆ ನುಂಗಿದನೋ, ಚಿತ್ರಗುಪ್ತನ ಖಾತೆಯಲ್ಲಿರಬೇಕು. ಆದರೆ ಅವನು ನನ್ನ ಮೊಣಕೈ ಅಳತೆಯಲ್ಲೇ ಕೂತಿದ್ದ. ಒಂದೊಂದು ಜೀವದ ಲೆಕ್ಕವೂ ಅಲ್ಲಲ್ಲೇ ಚುಕ್ತಾ ಆಗುತ್ತಿತ್ತು, ಅಸಲು ಉಳಿದರೂ ಬಡ್ಡಿಯಾದರೂ ಸಂದಾಯವಾಗುತ್ತಿತ್ತು.

ಗೆರೆ ಬಿದ್ದದ್ದು ಆಮೇಲೆ. 1997ರಲ್ಲಿ ನಿಂಟೆಂಡೊ 64 ಯಂತ್ರಕ್ಕೆ ಬಂದ ಗೋಲ್ಡನ್‌ಐ ಆಟ ಟಿವಿಯನ್ನು ನಾಲ್ಕು ಪಾಲು ಮಾಡಿ, ನಾಲ್ವರ ಕೈಗೂ ಬಂದೂಕು ಕೊಟ್ಟಿತು. ಕಾಲೇಜು ದಿನಗಳಲ್ಲಿ ಹಾಸ್ಟೆಲಿನ ಹುಡುಗನೊಬ್ಬ ಪ್ಲೇಸ್ಟೇಷನ್ ತಂದಾಗ ನಮಗೂ ಆ ಭಾಗ್ಯ ಬಂತು. ಪಾಲಾದ ಮೇಲೆ ಜಗಳ ಕಡಿಮೆಯಾಯಿತೆಂದು ತಿಳಿಯಬೇಡಿ. ಮೊದಲು ‘ನೀ ಹೊಡದಿ’ ಎಂಬ ಜಗಳ. ಈಗ ‘ನನ್ನ ಪಾಲಿನಾಗ ಯಾಕ ಹಣಿಕಿ ನೋಡ್ತಿ’ ಎಂಬ ಜಗಳ. ಗೋಡೆಯ ಹಿಂದೆ ನಾನು ಅಡಗಿ ಕೂತರೆ, ಆ ಗೋಡೆ ಯಾವುದೆಂದು ನನ್ನ ಕಾಲುಭಾಗ ಪರದೆಯಲ್ಲಿ ನೋಡಿಕೊಂಡೇ ಎದುರಾಳಿ ಬರುತ್ತಾನೆ. ಕೊನೆಗೆ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದವನೊಬ್ಬ ರಟ್ಟು ಕತ್ತರಿಸಿ ಟಿವಿಯ ನಡುವೆ ನಿಲ್ಲಿಸಿದ. ಬದುವಿಗೆ ಬೇಲಿ ಬಿತ್ತು. ಮರುದಿನ ರಟ್ಟು ಒಂದು ಬೆರಳು ಆಚೆ ಸರಿದಿತ್ತು. ಒತ್ತುವರಿ ಮಾಡಿದವನು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಇಷ್ಟು ಸೊಗಸಾದ ಜಗಳವನ್ನು ಕಂಪನಿಗಳು ಯಾಕೆ ಕೈಬಿಟ್ಟವು? ಯಂತ್ರದ ಕಷ್ಟ ಒಂದಿದೆ. ಪರದೆ ಎರಡು ಪಾಲಾದರೆ ಯಂತ್ರ ಅದೇ ಊರು, ಅದೇ ಗಿಡ, ಅದೇ ಮೋಡವನ್ನು ಎರಡು ಕಡೆಯಿಂದ ಎರಡು ಸಲ ಬರೆಯಬೇಕು. ಹುಲ್ಲಿನ ಎಸಳು ಎಸಳೂ ಅಲುಗಾಡುವ ಈಗಿನ ಆಟಗಳಲ್ಲಿ ಅದು ಏದುಸಿರು ಬರಿಸುವ ಕೆಲಸ. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಆಟ ಎಕ್ಸ್‌ಬಾಕ್ಸ್‌ಗೆ ತಡವಾಗಿ ಬಂದದ್ದು ಇದರಿಂದಲೇ. ಕಡೆಗೆ ಆ ಮನೆತನದ ಸಣ್ಣ ಯಂತ್ರಕ್ಕೆ ಸ್ಪ್ಲಿಟ್ ಸ್ಕ್ರೀನ್ ಬಿಟ್ಟೇ ಬಿಡುಗಡೆ ಮಾಡಿದರು. ಹೇಲೋ ಆಟದವರದು ಇನ್ನೂ ಮಜಾ. 2015ರಲ್ಲಿ ಐದನೆಯ ಹೇಲೋದಲ್ಲಿ ಗೆರೆ ಕಿತ್ತುಹಾಕಿದರು. ಜನ ಕೂಗಾಡಿದರು. ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟರು. 2022ರಲ್ಲಿ, ಹೇಲೋ ಇನ್ಫಿನಿಟ್‌ನ ಕಥೆಯ ಭಾಗಕ್ಕೆ ಅದನ್ನು ತರುವ ಕೆಲಸ ಕೈಬಿಟ್ಟಿದ್ದೇವೆ ಎಂದರು.

ಯಂತ್ರದ ಕಷ್ಟಕ್ಕಿಂತ ದೊಡ್ಡದು ವ್ಯಾಪಾರದ ಲೆಕ್ಕ. ಜಾತ್ರೆಯಲ್ಲಿ ಕೊಂಡ ನಮ್ಮ ಒಂದು ಕ್ಯಾಸೆಟ್ಟಿನಲ್ಲಿ ಓಣಿಯ ಹುಡುಗರೆಲ್ಲ ದೊಡ್ಡವರಾದರು. ಇದರಿಂದ ಕಂಪನಿಗೆ ಏನು ಗಿಟ್ಟಬೇಕು? ಆನ್‌ಲೈನ್ ಆದರೆ ನಾಲ್ವರಿಗೆ ನಾಲ್ಕು ಯಂತ್ರ, ಸಾಮಾನ್ಯವಾಗಿ ನಾಲ್ಕು ಆಟ, ಮೇಲೆ ಅನೇಕ ಕಡೆ ವರ್ಷಕ್ಕಿಷ್ಟು ಎಂದು ಚಂದಾ. ಹೀಗಾಗಿ ಒಂದು ತಮಾಷೆ ನಡೆದುಹೋಗಿದೆ. ಟಿವಿ ಹದಿನಾಲ್ಕು ಇಂಚಿನದಿದ್ದಾಗ ಅದರಲ್ಲಿ ನಾಲ್ಕು ಮಂದಿಗೆ ಜಾಗವಿತ್ತು. ಈಗ ಸವದತ್ತಿಯ ನಮ್ಮ ಅಕ್ಕನ ಮನೆಯಲ್ಲಿ ಗೋಡೆ ತುಂಬ ಐವತ್ತೈದು ಇಂಚಿನ ಟಿವಿ. ಅದರಲ್ಲಿ ಒಬ್ಬನಿಗೆ ಮಾತ್ರ ಜಾಗ.

ಆ ಒಬ್ಬ ಅಕ್ಕನ ಮಗ. ಅವನು ಫುಟ್‌ಬಾಲ್ ಆಟದಲ್ಲಿ ಮುಳುಗಿದ್ದಾಗ ನಮ್ಮವ್ವ ಪಕ್ಕದಲ್ಲಿ ಕೂತು ವಿಚಾರಣೆ ಸುರು ಮಾಡಿದಳು.

‘ಯಾರ ಜೋಡಿ ಆಡಾಕತ್ತೀಪಾ?’

‘ಗೊತ್ತಿಲ್ಲ ಆಯಿ, ಯಾವನೋ ಆನ್‌ಲೈನ್‌ದಾಗ ಅದಾನ.’

‘ಯಾವ ಊರಾಂವ?’

‘ಗೊತ್ತಿಲ್ಲ.’

‘ಯಾರ ಪೈಕಿ?’

‘ಆಯಿ, ಗೋಲ್ ಹೊಕ್ಕೈತಿ, ಸುಮ್ನಿರು!’

‘ಹೆಸರು ಕೇಳದ, ಊರು ಕೇಳದ ಆಡ್ತಿ. ಸೋತ್ರ ಯಾರ್ನ ಬೈತಿ?’

ನನಗೆ ಗೊತ್ತಿರುವ ಮಟ್ಟಿಗೆ ಆನ್‌ಲೈನ್ ಆಟದ ಮೇಲೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಬಂದಿಲ್ಲ. ಸೋಲುತ್ತಿದ್ದ ಎದುರಾಳಿ ಅಷ್ಟರಲ್ಲಿ ಆಟ ಬಿಟ್ಟು ಹೋಗಿಬಿಟ್ಟ. ಅವನನ್ನು ಅಂಗಿ ಹಿಡಿದು ಕೂರಿಸಲು ಅಂಗಿಯೇ ಇರಲಿಲ್ಲ.

ಹಾಗೆಂದು ಈಗಿನ ಹುಡುಗರು ಕೂಡಿ ಆಡುವುದನ್ನು ಮರೆತಿದ್ದಾರೆ ಎಂದರೆ ತಪ್ಪಾದೀತು. ಕಿತ್ತೂರಿಗೆ ಹೋದಾಗ ಒಂದು ಕಟ್ಟೆಯ ಮೇಲೆ ನಾಲ್ವರನ್ನು ಕಂಡೆ. ಪಬ್ಜಿ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಗಿ, ಮರುವರ್ಷ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಮರಳಿತಲ್ಲ, ಅದೇ ಆಟ. ನಾಲ್ಕು ಮೊಬೈಲು, ನಾಲ್ಕು ಜೋಡಿ ಇಯರ್‌ಫೋನು, ತೊಡೆಗೆ ತೊಡೆ ತಾಗಿಸಿ ಕೂತು ‘ಲೇ, ಬಲಕ್ಕ ನೋಡಲೇ!’ ಎಂದು ಚೀರುತ್ತಿದ್ದರು. ಒಬ್ಬನ ಕೂಗು ಮೈಕಿಗೆ ಹೊಕ್ಕು, ಯಾವುದೋ ಊರಿನ ಸರ್ವರ್ ಮುಟ್ಟಿ, ಮರಳಿ ಬಂದು ಪಕ್ಕದವನ ಕಿವಿ ಸೇರುತ್ತಿತ್ತು. ಅದಕ್ಕೂ ಮುಂಚೆ ಗಾಳಿಯಲ್ಲೇ ಸೇರಿರುತ್ತಿತ್ತು. ‘ಮನ್ಯಾಗ ಕುಂತ ಆಡಬಹುದಲ್ಲೋ?’ ಎಂದು ಕೇಳಿದೆ. ‘ಹಾಟ್‌ಸ್ಪಾಟ್ ಇವನ ಕಡೆ ಐತ್ರಿ’ ಎಂದ ಒಬ್ಬ. ‘ಮತ್ತ ಇಂವ ಸತ್ರ ಬೆನ್ನಿಗೆ ಗುದ್ದಾಕೂ ಬರ್ತೈತ್ರಿ’ ಎಂದ ಇನ್ನೊಬ್ಬ. ಕಿತ್ತೂರಿನ ಹುಡುಗರಲ್ಲವೇ; ಈ ಊರಿನ ಜೊತೆ ಜಗಳಕ್ಕೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸಾಹೇಬನೂ ಧಾರವಾಡದಿಂದ ಖುದ್ದಾಗಿ ಬಂದು, 1824ರ ಅಕ್ಟೋಬರ್ 23ರಂದು ಇಲ್ಲಿಯೇ ಜೀವ ಬಿಡಬೇಕಾಯಿತು.

ಹಿರಿಯರೂ ಕಡಿಮೆಯೇನಲ್ಲ. ಲಾಕ್‌ಡೌನಿಗೆ ನಾನು ರಾಮದುರ್ಗದ ಸೋದರಮಾವನ ಮನೆಯಲ್ಲಿ ಸಿಕ್ಕಿಬಿದ್ದಿದ್ದೆ. 2016ರಲ್ಲಿ ಬಂದಿದ್ದ ಲೂಡೋ ಕಿಂಗ್ ಆ ಹೊತ್ತಿಗೆ ಎಲ್ಲರ ಮೊಬೈಲಿಗೂ ಇಳಿದಿತ್ತು. ಒಂದೇ ಮೊಬೈಲನ್ನು ಚಾಪೆಯ ನಡುವೆ ಇಟ್ಟು, ಸರದಿ ಬಂದವರು ಬೆರಳು ಒತ್ತಬೇಕು, ನೆಟ್‌ವರ್ಕೂ ಬೇಕಿಲ್ಲ. ಮಾವ ಪಗಡೆಯಲ್ಲಿ ಕವಡೆಗೆ ಮಂತ್ರ ಹಾಕುವವನೆಂದು ಹೆಸರಾದವನು. ಮೊಬೈಲಿನ ದಾಳ ಅವನ ಮಾತು ಕೇಳಲಿಲ್ಲ. ಆರು ಬೀಳದೆ ಒಂದು ಬಿಟ್ಟು ಉಳಿದ ಕಾಯಿಗಳೆಲ್ಲ ಮನೆಯೊಳಗೇ ಕೊಳೆತವು. ‘ಕವಡಿ ಆದ್ರ ನನ್ನ ಕೈಯಾಗ ಇರ್ತಿದ್ದು. ಈ ದಾಳ ಯಾರ ಕೈಯಾಗೈತಿ? ಮೊಬೈಲ್ ಯಾರ್ದು? ಅತ್ತಿದು! ಅದಕ್ಕ ಆಕೀಗೆ ಆರ ಬೀಳಾಕತ್ತಾವ!’ ಎಂದು ಎದ್ದ. ಅತ್ತೆ ನಗುತ್ತ ಅವನ ಆ ಒಂದು ಕಾಯಿಯನ್ನೂ ಹೊಡೆದಳು. ಆ ರಾತ್ರಿ ಮಾವ ಊಟ ಒಲ್ಲೆ ಎಂದ. ಅರ್ಧ ತಾಸಿಗೆ ರೊಟ್ಟಿಯ ವಾಸನೆಗೆ ಸೋತು ಬಂದ. ಆನ್‌ಲೈನಿನಲ್ಲಿ ಸೋಲಿಸಿದವರು ಯಾರಾದರೂ ರೊಟ್ಟಿ ಬಡಿದು ಹಾಕುತ್ತಾರೆಯೇ?

ಕಂಪನಿಗಳಿಗೂ ಇದು ತಿಳಿಯದ್ದಲ್ಲ. ಸ್ವೀಡನ್ನಿನ ಹೇಜ್‌ಲೈಟ್ ಸಂಸ್ಥೆಯವರು 2021ರಲ್ಲಿ ಇಟ್ ಟೇಕ್ಸ್ ಟೂ ಎಂಬ ಆಟ ತಂದರು. ಸೋಡಚೀಟಿಗೆ ಹೊರಟ ಗಂಡಹೆಂಡತಿ ಗೊಂಬೆಗಳಾಗಿ, ಒಬ್ಬರಿಗೊಬ್ಬರು ನೆರವಾಗದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದ ಕಥೆ. ಅದನ್ನು ಒಬ್ಬರೇ ಆಡಲು ಬರುವುದೇ ಇಲ್ಲ. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಅದಕ್ಕೇ ಬಂತು. ಅದೇ ಸಂಸ್ಥೆಯ ಸ್ಪ್ಲಿಟ್ ಫಿಕ್ಷನ್ 2025ರ ಮಾರ್ಚಿನಲ್ಲಿ ಬಂದು ಒಂದೇ ವಾರದಲ್ಲಿ 20 ಲಕ್ಷ ಪ್ರತಿ ಮಾರಾಟವಾಯಿತು. ಗೆರೆಯ ಕಾಲ ಮುಗಿಯಿತು ಎನ್ನುವವರು ಈ ಲೆಕ್ಕ ನೋಡಬೇಕು.

ಸವದತ್ತಿಯಲ್ಲಿ ನಮ್ಮ ಅಕ್ಕ ಮತ್ತು ಭಾವನನ್ನು ಇಟ್ ಟೇಕ್ಸ್ ಟೂ ಆಟದ ಮುಂದೆ ಕೂರಿಸಿದೆವು.

‘ಜಿಗೀರಿ!’

‘ಎಲ್ಲಿ ಜಿಗೀಲಿ?’

‘ನಾ ಹಗ್ಗ ಹಿಡದೇನಿ, ಜಿಗೀರಿ ಅಂದ್ರ!’

‘ಹಿಡದೀ ಅಂತ ನನಗೆಂಗ ಗೊತ್ತಾಗ್ಬೇಕು?’

‘ಇಪ್ಪತ್ತೈದ ವರ್ಷ ಹಿಡದೇನಿ, ಇವತ್ತ ಬಿಡ್ತೇನೇನು?’

ಭಾವ ಜಿಗಿದರು. ಅಕ್ಕ ಬೇರೆ ಬಟನ್ ಒತ್ತಿದ್ದಳು. ಕಥೆಯೊಳಗಿನ ದಂಪತಿ ಒಂದಾಗುತ್ತ ಬಂದಂತೆ ಹೊರಗಿನ ದಂಪತಿ ಸೋಫಾದ ಎರಡು ತುದಿಗೆ ಸರಿಯುತ್ತಿದ್ದರು. ಆದರೂ ಮರುದಿನ ಸಂಜೆ ಚಾ ಕುಡಿದ ಮೇಲೆ ಭಾವ ತಾವಾಗಿಯೇ, ‘ಆ ಹಗ್ಗದ್ದು ಒಂದ್ಸಲ ನೋಡೋಣೇನು?’ ಎಂದರು.

ಅಣ್ಣನ ಮಗನಿಗೆ ನನ್ನ ತೀರ್ಪು ಇಷ್ಟು. ಆನ್‌ಲೈನಿನಲ್ಲಿ ಆಟ ಚೆನ್ನಾಗಿರುತ್ತದೆ, ಜಗಳ ಮಾತ್ರ ಸಪ್ಪೆ. ಒಂದೇ ಟಿವಿಯಲ್ಲಿ ಆಟ ಅರ್ಧ ಕಾಣುತ್ತದೆ, ಜಗಳ ಪೂರ್ತಿ ಸಿಗುತ್ತದೆ. ಈಗಿನ ಯಂತ್ರಗಳ ಡಬ್ಬದಲ್ಲಿ ಸಾಮಾನ್ಯವಾಗಿ ಒಂದೇ ರಿಮೋಟ್ ಬರುತ್ತದೆ, ಎರಡನೆಯದಕ್ಕೆ ಬೇರೆ ರೊಕ್ಕ ಕೊಡಬೇಕು. ಕಂಜೂಸಿತನ ಮಾಡದೆ ಕೊಟ್ಟುಬಿಡಿ. ಅದನ್ನು ಮನೆಯ ಕಿರಿಯರ ಕೈಗೆ ಧೈರ್ಯವಾಗಿ ಕೊಡಬಹುದು. ಈಗಿನ ರಿಮೋಟುಗಳಲ್ಲಿ ಎರಡಕ್ಕೂ ಆಟ ನಿಲ್ಲಿಸುವ ಬಟನ್ ಇರುತ್ತದೆ.