ಸದರಿ ಗಣಿಯೊಂದಿಗೆ ಮೊರಬದ ಹಗೇವಿನ ಸಂದರ್ಶನ

ಕಪ್ಪತಗುಡ್ಡದ ಕಬಲಾಯತಕಟ್ಟಿ, ಅತ್ತಿಕಟ್ಟಿ, ಹೊಸೂರು ಭಾಗದಲ್ಲಿ ಚಿನ್ನಕ್ಕಾಗಿ ತೋಡಿ ಬಿಟ್ಟ ಹಳೆಯ ಗಣಿಗಳಿವೆ. ಇಲ್ಲಿನ ಹಳ್ಳಗಳ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಲಗಾರರ ಕಸುಬು ಅದಕ್ಕೂ ಹಳೆಯದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಇದೇ ಸಾಲಿನ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಗಣಿ ತೋಡಿದವು, ಲಾಭ ಕಾಣದೆ ಹೊರಟುಹೋದವು. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವ ತನಕ ಈ ಗುಡ್ಡವೂ ನವಲಗುಂದ ತಾಲ್ಲೂಕಿನ ಮೊರಬವೂ ಒಂದೇ ಧಾರವಾಡ ಜಿಲ್ಲೆಯವು. ಆ ಹಳೆಯ ನಂಟಿನ ಮೇಲೆ, ಜೋಳ ತುಂಬಿಡಲು ನೆಲದೊಳಗೆ ತೋಡಿದ ಮೊರಬದ ಹಗೇವೊಂದು ಗುಡ್ಡದ ಗಣಿಯೊಂದನ್ನು ಮಾತಿಗೆಳೆಯಿತು. ಗಣಿ ಕಡತಗಳ ನಡುವೆ ಬೆಳೆದದ್ದು. ತನ್ನನ್ನು ‘ಸದರಿ ಗಣಿ’ ಎಂದೇ ಕರೆದುಕೊಂಡಿತು.

ಹಗೇವು: ನಾನೂ ತೆಗ್ಗು, ನೀವೂ ತೆಗ್ಗು. ನನ್ನ ಬಾಯಿಗೆ ಕಲ್ಲ ಮುಚ್ಚಿ ಮಣ್ಣ ಮೆತ್ತತಾರ. ನಿಮ್ಮ ಬಾಯಿ ಯಾಕ ಹಂಗ ತಗದ ಬಿಟ್ಟಾರ್ರಿ?

ಗಣಿ: ಹಗೇವಿನೊಳಗೆ ಜೋಳ ಇರುವುದರಿಂದ ಮುಚ್ಚುತ್ತಾರೆ. ಸದರಿ ಗಣಿಯೊಳಗೆ ಲಾಭ ಇಲ್ಲವೆಂದು ಗೊತ್ತಾದ ಮೇಲೆ ಮುಚ್ಚುವ ಖರ್ಚು ಯಾರಿಗೂ ಬೇಡವಾಯಿತು. ಬಿಟ್ಟ ಗಣಿಯ ಬಾಯಿಗೆ ಬೇಲಿ ಇರಬೇಕೆಂದು 1961ರ ಲೋಹ ಗಣಿ ನಿಯಮಾವಳಿ ಹೇಳುತ್ತದೆ. ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಸಲ್ಲಿಸಬೇಕೆಂಬ ನಿಯಮ 2003ರಲ್ಲಿ ಬಂತು. ಸದರಿ ಗಣಿಯ ಮಾಲೀಕರು ಅಷ್ಟರಲ್ಲಿ ಹಡಗು ಹತ್ತಿ ಸುಮಾರು ತೊಂಬತ್ತು ವರ್ಷವಾಗಿತ್ತು. ಕಡತ ಮುಚ್ಚಿದೆ, ಬಾಯಿ ಮಾತ್ರ ಬಾಕಿ.

ಹಗೇವು: ನನ್ನೊಳಗ ಇಳಿಯೂಮುಂದ ಮುಚ್ಚಳ ತಗದು ಗಾಳಿ ಆಡಾಕ ಬಿಡತಾರ, ಆಮ್ಯಾಲೆ ಕಂದೀಲ ಇಳಿಬಿಡತಾರ. ದೀಪ ಆರಿದ್ರ ಯಾರೂ ಇಳಿಯಂಗಿಲ್ಲ. ನಿಮ್ಮ ಕಡೆ ಗಾಳಿ ಹೆಂಗೈತ್ರಿ?

ಗಣಿ: ಎರಡೂ ಕಡೆ ರೋಗ ಒಂದೇ. ಹಗೇವಿನಲ್ಲಿ ಜೋಳವೇ ಉಸಿರಾಡಿ ಆಮ್ಲಜನಕ ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಣಿಯಲ್ಲಿ ಕೊಳೆಯುವ ಮರವೂ ಪೈರೈಟ್‌ನಂಥ ಗಂಧಕದ ಅದಿರೂ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿರುತ್ತದೆ. ಅದು ಶೇ 16ರ ಆಸುಪಾಸಿಗೆ ಇಳಿದಾಗ ದೀಪ ಆರುತ್ತದೆ. ಶೇ 10ಕ್ಕಿಂತ ಕೆಳಗೆ ಹೋದರೆ ಮನುಷ್ಯ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಉಸಿರು ಕಟ್ಟಿದ ಅನುಭವವೂ ಅವನಿಗೆ ಆಗದಿರಬಹುದು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಮಡುಗಟ್ಟುತ್ತದೆ. ಹೊರಗೆ ವಾಯುಭಾರ ಕುಸಿದ ದಿನ ಒಳಗಿನ ಕೆಟ್ಟ ಗಾಳಿ ಬಾಯಿಯ ಕಡೆಗೆ ಬರುತ್ತದೆ. ಆದ್ದರಿಂದ ‘ಹೋದ ತಿಂಗಳು ಹೋಗಿ ಬಂದೆವು, ಏನೂ ಆಗಲಿಲ್ಲ’ ಎಂಬ ಮಾತು ಪ್ರಮಾಣಪತ್ರವಲ್ಲ.

ಹಗೇವು: ಅಂದ್ರ ಕಂದೀಲ ಇದ್ರ ಸಾಕಲ್ರಿ?

ಗಣಿ: ಸಾಲದು. ಇಂಗಾಲದ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮನುಷ್ಯನನ್ನು ಕೊಲ್ಲುವಷ್ಟಿದ್ದಾಗಲೂ ದೀಪ ಉರಿಯುತ್ತಲೇ ಇರುತ್ತದೆ. ಅದನ್ನು ಪತ್ತೆ ಹಚ್ಚಲು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1980ರ ದಶಕದವರೆಗೂ ಕ್ಯಾನರಿ ಹಕ್ಕಿಗಳನ್ನು ಒಯ್ಯುತ್ತಿದ್ದರು. ಕಲ್ಲಿದ್ದಲು ಗಣಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟು ಬೆರೆತಿದ್ದರೆ ಕಂದೀಲೇ ಸ್ಫೋಟಕ್ಕೆ ಕಿಡಿ. ನಿಂತ ನೀರನ್ನು ಕದಡಿದಾಗ ಏಳುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅದರ ಪ್ರಮಾಣ ಹೆಚ್ಚಾದರೆ ಮೂಗೇ ಕೆಲಸ ನಿಲ್ಲಿಸುತ್ತದೆ. ಒಳಗೆ ಬಂದವರು ‘ವಾಸನೆ ಹೋಯಿತು’ ಎಂದು ಖುಷಿಪಡುವುದು ಆಗಲೇ.

ಹಗೇವು: ಒಬ್ಬಾವ ಬಿದ್ದ ಅಂದ್ರ ಇನ್ನೊಬ್ಬಾವ ಎತ್ತಾಕ ಇಳಿತಾನಲ್ರಿ?

ಗಣಿ: ಇಳಿಯುತ್ತಾನೆ, ಬಹಳ ಸಲ ಅವನೂ ಬೀಳುತ್ತಾನೆ. ಹಗೇವು, ಬಾವಿ, ಮಲಗುಂಡಿ, ಗಣಿ ಎಲ್ಲದರಲ್ಲೂ ಇದೇ ಕ್ರಮ. ಮೊದಲನೆಯವನನ್ನು ಕೆಡವಿದ ಗಾಳಿ ಎರಡನೆಯವನಿಗೆ ಬೇರೆಯಾಗಿರುವುದಿಲ್ಲ. 2020ರ ಮೇ ತಿಂಗಳಲ್ಲಿ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂ ಭಾಗದಲ್ಲಿ ಮುಚ್ಚಿದ ಗಣಿಗೆ ಕಳವಿಗೆಂದು ಇಳಿದವರಲ್ಲಿ ಮೂವರು ಸತ್ತರು. ಬೆನ್ನಿಗೆ ಆಮ್ಲಜನಕದ ಉಪಕರಣ ಕಟ್ಟಿದ, ತರಬೇತಿ ಪಡೆದ ರಕ್ಷಣಾ ತಂಡದವರಷ್ಟೇ ಇಳಿಯಬೇಕು. ಉಳಿದವರು ಮೇಲೆ ನಿಂತು ಅವರನ್ನು ಕರೆಯಬೇಕು.

ಹಗೇವು: ಕಾಲ ಕೆಳಗಿನ ನೆಲಾ ಆದ್ರೂ ಗಟ್ಟಿ ಐತೇನ್ರಿ?

ಗಣಿ: ನೆಲದಂತೆ ಕಾಣುವುದೆಲ್ಲ ನೆಲವಲ್ಲ. ಒಂದು ಹಂತದ ಸುರಂಗದಿಂದ ಕೆಳಗಿನ ಹಂತಕ್ಕೆ ತೋಡಿದ ಒಳಬಾವಿಗಳಿರುತ್ತವೆ. ಅವುಗಳ ಮೇಲೆ ಹಾಸಿದ ಹಲಗೆ ಕೊಳೆತಿರುತ್ತದೆ, ಹಲಗೆಯ ಮೇಲೆ ಮಣ್ಣು ಕೂತಿರುತ್ತದೆ. ಒಳಬಾವಿಯಲ್ಲಿ ನೀರು ತುಂಬಿದ್ದರೆ ಪಾದ ಮುಳುಗುವಷ್ಟು ಕೆಸರಿನಂತೆ ತೋರುತ್ತದೆ. ಮೇಲ್ಛಾವಣಿಗೆ ಕೊಟ್ಟ ಮರದ ಆಸರೆ ಗೆದ್ದಲಿಗೂ ತೇವಕ್ಕೂ ಸಿಕ್ಕು ಟೊಳ್ಳಾಗುತ್ತದೆ. ಅನುಭವಸ್ಥ ಕಾರ್ಮಿಕರು ಹಾರೆಯಿಂದ ಬಂಡೆ ಬಡಿದು ಸದ್ದು ಕೇಳುತ್ತಾರೆ: ಖಣಿಲೆಂದರೆ ಗಟ್ಟಿ, ದಬ್ಬೆಂದರೆ ಬಿರುಕು. ಈಚಿನ ಅತಿಥಿಗಳು ಅದೇ ಬಂಡೆಗೆ ಒರಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಹಗೇವು: ನನಗ ನೀರು ಅಂದ್ರ ಆಗಂಗಿಲ್ಲ, ಜೋಳ ಮುಗ್ಗಲ ಹಿಡಿತಾವ. ನಿಮಗ?

ಗಣಿ: ಗಣಿ ನಡೆಯುವಷ್ಟು ದಿನ ಪಂಪು ನಡೆಯುತ್ತದೆ, ಗಣಿ ನಿಂತ ಮೇಲೆ ನೀರು ನಡೆಯುತ್ತದೆ. ಮೂರು ಕಿಲೋಮೀಟರಿಗೂ ಆಳ ಹೋಗಿದ್ದ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು; ಆಮೇಲೆ ಅವುಗಳಲ್ಲೂ ನೀರು ತುಂಬಿತು. ಹಳೆಯ ಗಣಿಯ ನೀರು ಪಕ್ಕದಲ್ಲಿ ಕೆಲಸ ಮಾಡುವವರಿಗೂ ಯಮ. ಧನಬಾದ್ ಬಳಿಯ ಚಾಸನಾಲಾದಲ್ಲಿ 1975ರ ಡಿಸೆಂಬರ್ 27ರಂದು ಹಳೆಯ ಸುರಂಗಗಳ ನೀರು ನುಗ್ಗಿ ಸುಮಾರು 375 ಕಾರ್ಮಿಕರು ಸತ್ತರು. ಗಂಧಕದ ಅದಿರಿಗೆ ತಾಗಿದ ನೀರು ಆಮ್ಲವಾಗಿ, ಕಲ್ಲಿನೊಳಗಿನ ಲೋಹಗಳನ್ನೂ ಕರಗಿಸಿಕೊಂಡು ಬರುತ್ತದೆ. ತಿಳಿಯಾಗಿ ಕಂಡರೂ ಅದನ್ನು ದನಕರುಗಳಿಗೂ ಕುಡಿಸಬಾರದು.

ಹಗೇವು: ನನ್ನ ಹತ್ರ ಇಲಿ, ಹೆಗ್ಗಣ ಬರತಾವ. ನಿಮ್ಮಲ್ಲಿ ಯಾರ್ಯಾರು ಅದಾರ?

ಗಣಿ: ಬಾಡಿಗೆ ಕೊಡದವರೇ ಎಲ್ಲ. ಬಾವಲಿ, ಹಾವು, ಹೆಜ್ಜೇನು ಕಾಯಂ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಚಿರತೆ, ಕತ್ತೆಕಿರುಬಗಳಿಗೆ ಇಂಥ ಬಿಲ ಕಾನೂನುಬದ್ಧ ವಸತಿ. ಬಾವಲಿಯ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಹತ್ತುವ ಶಿಲೀಂಧ್ರ ಇರಬಹುದು. ಹಳೆಯ ಗಣಿಗಳಲ್ಲಿ ಉಳಿದ ಡೈನಮೈಟ್ ಇವರೆಲ್ಲರಿಗಿಂತ ಕೆಟ್ಟ ಬಾಡಿಗೆದಾರ. ಹಳತಾದಂತೆ ಅದರಿಂದ ನೈಟ್ರೋಗ್ಲಿಸರಿನ್ ಬೆವರಿ ಹೊರಬರುತ್ತದೆ. ಆಮೇಲೆ ಕಾಲು ತಾಗಿದರೂ ಸಿಡಿಯಬಹುದು.

ಹಗೇವು: ಇಷ್ಟೆಲ್ಲಾ ಇದ್ರೂ ಮಂದಿ ಯಾಕ ಬರತಾರ್ರಿ?

ಗಣಿ: ಬರುವವರಲ್ಲಿ ಎರಡು ಪಂಗಡ. ನಿಧಿ ಹುಡುಕುವವರು ಅಮಾವಾಸ್ಯೆ ನೋಡಿಕೊಂಡು ನಿಂಬೆಹಣ್ಣು, ಕುಂಕುಮ ತರುತ್ತಾರೆ, ಹೆಲ್ಮೆಟ್ ತರುವುದಿಲ್ಲ. ರೀಲ್ಸ್ ಮಾಡುವವರು ಮೊಬೈಲ್ ತರುತ್ತಾರೆ. ಅದರ ಬೆಳಕಲ್ಲೇ ಇಳಿಯುತ್ತಾರೆ, ಸಿಗ್ನಲ್ ಇಲ್ಲವೆಂಬುದು ಬಿದ್ದ ಮೇಲೆ ತಿಳಿಯುತ್ತದೆ. ಚಿನ್ನದ ಲೆಕ್ಕ ಇಬ್ಬರಿಗೂ ಗೊತ್ತಿಲ್ಲ. ಈಗಲೂ ನಡೆಯುತ್ತಿರುವ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಸಹ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ. ಕಿಸೆಯಲ್ಲಿ ಒಯ್ದ ಹೊಳೆಯುವ ಕಲ್ಲು ಸಾಮಾನ್ಯವಾಗಿ ಪೈರೈಟ್.

ಹಗೇವು: ಸರ್ವೆ ಮಾಡಾಕ ಒಳಗ ಹೋಗಲೇಬೇಕಾದವರು?

ಗಣಿ: ಅನುಮತಿ, ಗಣಿಯ ಹಳೆಯ ನಕ್ಷೆ, ಹಲವು ಅನಿಲಗಳನ್ನು ಒಟ್ಟಿಗೆ ಅಳೆಯುವ ಮಾಪಕ, ಗಾಳಿ ತಳ್ಳುವ ಫ್ಯಾನು, ಹೆಲ್ಮೆಟ್ಟಿನ ದೀಪದ ಜೊತೆಗೆ ಬದಲಿ ದೀಪ ಬೇಕು. ವಾಪಸು ಬರುವ ಹೊತ್ತನ್ನು ತಿಳಿಸಿ, ಹೊರಗೆ ಒಬ್ಬರನ್ನು ನಿಲ್ಲಿಸಿ ಹೋಗಬೇಕು. ಮಾಪಕ ಕೂಗಿದರೆ ಚರ್ಚೆಯಿಲ್ಲದೆ ಹಿಂದಿರುಗಬೇಕು. ಉಳಿದವರಿಗೆ ಒಂದೇ ನಿಯಮ: ಒಳಗೆ ಹೋಗಬಾರದು.

ಹಗೇವು: ಕುರಿ ಕಾಯೋ ಹುಡುಗರಿಗೆ ಇಂಥಾ ಬಾಯಿ ಕಂಡ್ರ ಯಾರಿಗೆ ಹೇಳಬೇಕ್ರಿ?

ಗಣಿ: ಜಾಗ ಅರಣ್ಯ ಇಲಾಖೆಯದು, ತೆಗ್ಗು ಗಣಿ ಮತ್ತು ಭೂವಿಜ್ಞಾನ ಇಲಾಖೆಯದು, ಸುರಕ್ಷತೆ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು, ಬಿದ್ದವರು ಪೊಲೀಸರ ಪಾಲು. ಎಲ್ಲರಿಗೂ ಬರೆಯಬೇಕು, ಒಬ್ಬರಿಗೇ ಬರೆದರೆ ಅರ್ಜಿ ಉಳಿದವರ ಕಡೆ ತಿರುಗುತ್ತಾ ಇರುತ್ತದೆ. ಕಾಯಂ ಪರಿಹಾರವೆಂದರೆ ಕಲ್ಲುಮಣ್ಣು ತುಂಬುವುದು ಅಥವಾ ಕಾಂಕ್ರೀಟ್ ಹಲಗೆ ಮುಚ್ಚುವುದು. ಬಾವಲಿಗಳಿದ್ದರೆ ಅವು ಹಾರಿಹೋಗುವಷ್ಟು ಸಂದಿಯುಳ್ಳ ಕಬ್ಬಿಣದ ಜಾಲರಿ. ಅಲ್ಲಿಯವರೆಗೆ ಜಾಲಿಮುಳ್ಳಿನ ಬೇಲಿ ಹಾಕಬಹುದು. ಅದನ್ನೂ ಬಾಯಿಯ ಅಂಚಿಗೆ ಹಾಕದೆ ಸಾಕಷ್ಟು ದೂರದಲ್ಲಿ ಹಾಕಬೇಕು; ಅಂಚಿನ ಮಣ್ಣು ಕೆಳಗಿನಿಂದ ಕುಸಿದಿರುತ್ತದೆ.