ಬಸಳೆ ಚಪ್ಪರಕ್ಕೆ ಬಿದ್ದ ಚೆಂಡು

ಚಾರ್ಮಾಡಿಯಲ್ಲಿ ಮಳೆ ಒಂಚೂರು ಹೊಳವಾಯಿತೋ ಇಲ್ಲವೋ, ಶೆಟ್ರ ಮೊಮ್ಮಗನ ಫುಟ್‌ಬಾಲು ಬೇಲಿ ಹಾರಿ ನಮ್ಮ ಬಸಳೆ ಚಪ್ಪರಕ್ಕೆ ಬಿತ್ತು. ಹಿಂದೆಯೇ ಶೆಟ್ರು ಹಾಜರು.

"ಮಾಷ್ಟ್ರೇ, ಒಂದು ಕಪ್ಪು ತುಂಡು ಕಿತ್ತು ಹೋಗಿದೆ. ಉಳಿದದ್ದನ್ನೇ ಎಳೆದು ಹೊಲಿದರೆ ಆಗ್ಲಿಕ್ಕಿಲ್ವಾ?"

"ಆಗುದಿಲ್ಲ ಮಾರಾಯ್ರೇ. ಎಣಿಸಿ ನೋಡಿ. ಆರು ಮೂಲೆಯ ಬಿಳಿ 20, ಐದು ಮೂಲೆಯ ಕಪ್ಪು 12. ಬಿಳಿಯನ್ನೇ ಜೋಡಿಸುತ್ತಾ ಹೋದರೆ ಚಾಪೆ ಆಗ್ತದೆ, ಚೆಂಡಾಗುದಿಲ್ಲ. ನಿಮ್ಮ ಜೇನುಪೆಟ್ಟಿಗೆಯ ಎರಿ ಎಲ್ಲ ಆರು ಮೂಲೆ, ಅದಕ್ಕೇ ಅಷ್ಟು ಚಪ್ಪಟೆ."

ಪಾಠ ಬಿಟ್ಟು ಎಷ್ಟೋ ವರ್ಷವಾದರೂ ಚಟ ಹೋಗಬೇಕಲ್ಲ! 1985ರ ಕತೆ ಶುರು ಮಾಡಿದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಗ್ರಾಫೈಟಿಗೆ ಲೇಸರ್ ಹೊಡೆದರು. ಸರಿಯಾಗಿ 60 ಇಂಗಾಲ ಪರಮಾಣುಗಳ ಗುಂಪೇ ಹೆಚ್ಚು ಹೆಚ್ಚು ಸಿಕ್ಕಿತು. ಯಾಕೆ 60? ಸ್ಮಾಲಿ ರಾತ್ರಿ ಕಾಗದ ಕತ್ತರಿಸಿ ಅಂಟಿಸುತ್ತಾ ಕೂತರು. ಬರೀ ಆರು ಮೂಲೆಯವು ಮುಚ್ಚಿಕೊಳ್ಳಲೇ ಇಲ್ಲ. ಐದು ಮೂಲೆಯವನ್ನು ಸೇರಿಸಿದ್ದೇ, ಇದೇ ಚೆಂಡು! ಇದರ ಮೂಲೆಗಳೂ 60. ಮೂವರಿಗೂ 1996ರಲ್ಲಿ ನೊಬೆಲ್.

"ಚೆಂಡು ದೊಡ್ಡದಾದರೆ ಕಪ್ಪು ಜಾಸ್ತಿ ಬೇಕಲ್ಲ?"

"ಅದೇ ತಮಾಷೆ. 70 ಪರಮಾಣುಗಳ ಚೆಂಡಿಗೆ ಬಿಳಿ 25, ಕಪ್ಪು ಮಾತ್ರ ಅದೇ 12. ಬಿಳಿ ಎಷ್ಟೇ ಸೇರಿಸಿ, ಕಪ್ಪು ಹನ್ನೊಂದೂ ಅಲ್ಲ, ಹದಿಮೂರೂ ಅಲ್ಲ. ಇದಕ್ಕೆ ಬೇಕಾದ ಲೆಕ್ಕ ಆಯ್ಲರ್ ಹದಿನೆಂಟನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ."

ಅದೇ ಚಾಪೆಯನ್ನು ಸುರುಳಿ ಸುತ್ತಿದರೆ ಇಂಗಾಲದ ನ್ಯಾನೋ ಕೊಳವೆ. ಜಪಾನಿನ ಇಜಿಮಾ 1991ರಲ್ಲಿ ಇಂಥವನ್ನು ತೋರಿಸಿದರು. ಸುತ್ತಿದ್ದು ನೇರವೋ ಓರೆಯೋ, ದಪ್ಪ ಎಷ್ಟು, ಇದರ ಮೇಲೆ ಅದು ತಂತಿಯ ಹಾಗೆ ಕರೆಂಟು ಹರಿಸುತ್ತದೋ, ಸಿಲಿಕಾನಿನ ಹಾಗೆ ಅರೆವಾಹಕವೋ ಎಂಬುದು. ಪರಮಾಣು ಅದೇ, ಜೋಡಣೆಯೂ ಅದೇ, ಸುತ್ತಿದ ರೀತಿ ಮಾತ್ರ ಬೇರೆ. ನನಗೆ ಚೆಂಡಿಗಿಂತ ಇದೇ ದೊಡ್ಡ ಸೋಜಿಗ.

ಶೆಟ್ರಿಗೆ ಅಡಿಕೆ ತೋಟ ನೆನಪಾಯಿತು. "ಪೈಪು ಅಂದ ಮೇಲೆ ಕವಲು ಬೇಡವಾ?"

"ಉಂಟಲ್ಲ! ನಮ್ಮ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಬೆಂಗಳೂರಿನಲ್ಲೇ ವೈ ಆಕಾರದ ಕೊಳವೆ ಬೆಳೆಸಿ 2000ದಲ್ಲಿ ಪ್ರಕಟಿಸಿದರು. ಕವಲೊಡೆಯುವಲ್ಲಿ ಏಳು ಮೂಲೆಯ ತುಂಡು ಬೇಕಾಗ್ತದೆ. ಐದು ಬಟ್ಟಲಿನ ಹಾಗೆ ಬಗ್ಗಿಸಿದರೆ, ಏಳು ಕುದುರೆ ಜೀನಿನ ಹಾಗೆ ಬಗ್ಗಿಸ್ತದೆ."

"ಅದೆಲ್ಲ ಸರಿ. ನನ್ನ ಚೆಂಡಿಗೆ ಎಂತ ಮಾಡುದು?"

ಉಜಿರೆಯ ಚಪ್ಪಲಿ ಹೊಲಿಯುವವರ ಹತ್ತಿರ ಕಪ್ಪು ಚರ್ಮ ಇರಲಿಲ್ಲವಂತೆ. ಕಂದು ಚರ್ಮದಲ್ಲೇ ಐದು ಮೂಲೆ ಕತ್ತರಿಸಿ ಹೊಲಿದು ಕೊಟ್ಟಿದ್ದಾರೆ. ನಿನ್ನೆ ಚೆಂಡು ಪುನಃ ಬಸಳೆ ಚಪ್ಪರಕ್ಕೇ ಬಿತ್ತು.